ಯಾವ ಕಿವಿ ಸ್ವಾಮಿ?

ಆಕ್ಲೆಂಡಿನಲ್ಲಿ ಹುಟ್ಟಿ ಬೆಳೆದ ಕನ್ನಡದ ಪೋರನಿಗೆ "ಕಿವಿ ಹಿಂಡ್ತೀನಿ ನೋಡು!" ಅಂತ ಒಮ್ಮೆ ಗದರಿಸಿ ನೋಡಿ. "ಬೇಡಮ್ಮಾ, ಪಾಪದ ಹಕ್ಕಿ" ಅಂದರೆ ನಗಬೇಡಿ. ಕಾನೂನು ಅವನ ಕಡೆಗಿದೆ. ನ್ಯೂಜಿಲೆಂಡಿನ ಕಿವಿಗೆ 1953ರ ವನ್ಯಜೀವಿ ಕಾಯ್ದೆಯ ರಕ್ಷಣೆಯುಂಟು. ನಮ್ಮ ಕಿವಿಗೂ ಅಂಥದೊಂದು ಕಾಯ್ದೆ ಇದ್ದಿದ್ದರೆ ಹಳೇ ಕಾಲದ ಲೆಕ್ಕದ ಮೇಷ್ಟ್ರುಗಳಲ್ಲಿ ಎಷ್ಟು ಮಂದಿ ಹೊರಗಿರುತ್ತಿದ್ದರೋ!

ಹಕ್ಕಿಯ ಕೀರಲು ಕೂಗನ್ನೇ ಮಾವೊರಿ ಜನ ಅದಕ್ಕೆ ಹೆಸರಾಗಿ ಇಟ್ಟರಂತೆ. ಹಾರಲು ಬಾರದು, ಓಡಾಟವೆಲ್ಲ ರಾತ್ರಿ, ಕಣ್ಣು ಮಂದ, ಕಿವಿ ಮಾತ್ರ ಚುರುಕು. ಅಂದರೆ ಕಿವಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ. ಇಂಥ ವಾಕ್ಯ ಬರೆಯುವ ಭಾಗ್ಯ ಕನ್ನಡಿಗರಿಗಲ್ಲದೆ ಇನ್ನಾರಿಗುಂಟು?

ಹಾರಲಾರದಿದ್ದರೂ ಹೆಸರು ಮಾತ್ರ ಊರೂರು ತಿರುಗಿತು. 1906ರಲ್ಲಿ ಮೆಲ್ಬರ್ನ್‌ನ ವಿಲಿಯಂ ರಾಮ್ಸೆ ಬೂಟ್ ಪಾಲಿಷ್ ಮಾಡಿ ಡಬ್ಬಿಯ ಮೇಲೆ ಕಿವಿಯನ್ನು ಕೂರಿಸಿದ. ಹೆಂಡತಿಯ ತವರು ನ್ಯೂಜಿಲೆಂಡ್. ಪ್ರೀತಿಯೋ ಭಯವೋ, ಗಂಡಂದಿರೇ ಹೇಳಬೇಕು. ಮೊದಲ ಮಹಾಯುದ್ಧದಲ್ಲಿ ನ್ಯೂಜಿಲೆಂಡಿನ ಸೈನಿಕರೂ ಕಿವಿಗಳಾದರು. ಯುದ್ಧ ಮುಗಿದರೂ ಹಡಗು ಸಿಗದೆ ಇಂಗ್ಲೆಂಡಿನಲ್ಲಿ ಕೊಳೆಯುತ್ತಿದ್ದವರು 1919ರಲ್ಲಿ ಬುಲ್ಫರ್ಡಿನ ಗುಡ್ಡದ ಮೇಲೆ ದೊಡ್ಡದೊಂದು ಕಿವಿ ಕೊರೆದಿಟ್ಟರು. 1991ರಲ್ಲಿ ಒಂದು ಡಾಲರಿನ ನೋಟು ಹೋಗಿ ನಾಣ್ಯ ಬಂತು, ಅದರ ಮೇಲೂ ಕಿವಿ. ಹಳದಿ ನಾಣ್ಯ. ನಾವು ಬೈಗುಳವಾಗಿ ಬಳಸುವ ಹಿತ್ತಾಳೆ ಕಿವಿಯನ್ನು ಅಲ್ಲಿನವರು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಾರೆ. ಅದರ ಲೋಹ ಕಂಚಲ್ಲವೇ ಎಂದು ತಕರಾರು ತೆಗೆಯಬೇಡಿ, ಬಣ್ಣ ನೋಡಿ.

ಇನ್ನು ಹಣ್ಣು. ಅದರ ಬೀಜವನ್ನು 1904ರಲ್ಲಿ ಚೀನಾದಿಂದ ತಂದವರು ವಾಂಗನೂಯಿಯ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ ಇಸಬೆಲ್ ಫ್ರೇಸರ್. ಬಹಳ ಕಾಲ ಅದು ‘ಚೈನೀಸ್ ಗೂಸ್‌ಬೆರಿ’ ಆಗಿತ್ತು. ಅಮೆರಿಕಕ್ಕೆ ಮಾರಲು ಹೊರಟಾಗ ಆ ಹೆಸರು ನಡೆಯಲಿಲ್ಲ. ‘ಮೆಲೊನೆಟ್’ ಎಂದರು, ಕರಬೂಜದ ಜಾತಿಗೆ ಸುಂಕ ಜಾಸ್ತಿ, ಅದೂ ಬಿತ್ತು. 1959ರಲ್ಲಿ ಟರ್ನರ್ಸ್ ಅಂಡ್ ಗ್ರೋಯರ್ಸ್ ಕಂಪನಿ ‘ಕಿವಿಫ್ರೂಟ್’ ಎಂದು ನಾಮಕರಣ ಮಾಡಿತು. ವ್ಯಾಪಾರಿಗಳು ಗಿರಾಕಿಯ ಕಿವಿಗೆ ಹೂವಿಡುವುದು ಗೊತ್ತಿತ್ತು. ಇವರು ಹಣ್ಣಿಗೇ ಕಿವಿ ಇಟ್ಟರು. ಬೆಂಗಳೂರಿನಲ್ಲಿ "ಕಿವಿ ಹೇಗಪ್ಪಾ?" ಅಂತ ಕೇಳಿದರೆ ತಕ್ಕಡಿ ಮೇಲೇಳುತ್ತದೆ. ಆಕ್ಲೆಂಡಿನಲ್ಲಿ ಮಾತ್ರ ‘ಫ್ರೂಟ್’ ಸೇರಿಸಲೇಬೇಕು, ಅಲ್ಲಿ ನ್ಯೂಜಿಲೆಂಡಿನವರೆಲ್ಲ ಕಿವಿಗಳೇ. "ಎರಡು ಕಿವಿ ಕೊಡಿ" ಅಂದರೆ ಇಬ್ಬರು ಆಳುಗಳನ್ನು ಕೇಳಿದ ಹಾಗೆ.

ನಮ್ಮ ಕಿವಿಗೆ ಸುಂಕದ ಕಟ್ಟೆಯ ಹಂಗಿಲ್ಲ. ಅದು ದ್ರಾವಿಡ ಮನೆತನದ ಹಳೆಯ ಆಸ್ತಿ. ತುಳುವಿನಲ್ಲಿ ಕೆಬಿ, ತಮಿಳು, ಮಲಯಾಳ, ತೆಲುಗಿನಲ್ಲಿ ಚೆವಿ. ಇ, ಎ ಸ್ವರಗಳ ಜೊತೆ ಬಂದ ಹಳೆಯ ‘ಕ’ವನ್ನು ಕೊನೆಯ ಮೂವರು ದಾಯಾದಿಗಳು ‘ಚ’ ಮಾಡಿಕೊಂಡರು, ನಾವು ಹಾಗೆಯೇ ಇಟ್ಟುಕೊಂಡೆವು. ಕನ್ನಡದ ಕೇರಿ ತಮಿಳಿನಲ್ಲಿ ಚೇರಿಯಾದದ್ದೂ ಹೀಗೇ. ಬದಲಾಗದೆ ಕೂತದ್ದರ ಲಾಭ ಈಗ ಸಿಗುತ್ತಿದೆ. ಎರಡು ಕಿವಿಯೊಂದಿಗೆ ವಿಮಾನ ಹತ್ತಿದ ಕನ್ನಡಿಗ, ನ್ಯೂಜಿಲೆಂಡಿನ ಪೌರತ್ವ ಸಿಕ್ಕ ದಿನ ತಾನೇ ಮೂರನೆಯ ಕಿವಿಯಾಗುತ್ತಾನೆ. ಪಕ್ಕದ ಕುರ್ಚಿಯ ತೆಲುಗು ಗೆಳೆಯ ಅದೇ ಪ್ರಮಾಣವಚನ ಎಷ್ಟೇ ಗಟ್ಟಿಯಾಗಿ ಓದಲಿ, ಅವನಿಗೆ ಎರಡು ಚೆವಿ, ಒಂದೇ ಕಿವಿ. ಭಾರತ ಸರ್ಕಾರ ಎರಡು ಪೌರತ್ವ ಒಪ್ಪುವುದಿಲ್ಲ, ನಿಜ. ಮೂರು ಕಿವಿಗೆ ಅದರ ಅಭ್ಯಂತರವೇನೂ ಇದ್ದಂತಿಲ್ಲ.