ಹಿಮಕರಡಿಯ ಫೋಟೊ ಕೆಡಿಸುವ ಸರಿಯಾದ ಕ್ರಮ

ನಾರ್ವೆಯ ಸ್ವಾಲ್‌ಬಾರ್ಡ್‌ಗೆ ಹೊರಡುವಾಗ ಒಂದೇ ಒಂದು ಬ್ಯಾಟರಿ ಒಯ್ಯಿರಿ. ಕಬಿನಿ ಸಫಾರಿಯಲ್ಲಿ ದಿನವಿಡೀ ಬಂದದ್ದು ಇಲ್ಲೂ ಬರುತ್ತದೆ ಎಂದು ನಂಬಿ. ಚಳಿಗೆ ಅದರೊಳಗಿನ ರಾಸಾಯನಿಕ ಕ್ರಿಯೆ ಮಂದವಾಗಿ, ಕರಡಿ ಕತ್ತೆತ್ತುವ ಹೊತ್ತಿಗೆ ಸರಿಯಾಗಿ ಪರದೆ ಕಪ್ಪಾಗುತ್ತದೆ. ಇನ್ನೊಂದು ಬ್ಯಾಟರಿಯನ್ನು ಒಳಜೇಬಿನಲ್ಲಿ ಮೈಶಾಖಕ್ಕೆ ಇಟ್ಟುಕೊಳ್ಳುವ ಅಂಜುಬುರುಕರೂ ಇರುತ್ತಾರೆ. ಅಂಥವರ ಸಹವಾಸ ಬೇಡ.

ಕೈಗವಸು ಕಳಚಿ. ಬರಿಗೈಯಲ್ಲೇ ಲೋಹದ ಟ್ರೈಪಾಡ್ ಹಿಡಿಯಿರಿ. ಫೋಕಸ್ ಮಾಡುತ್ತಾ ತುಟಿ ಸವರಿಕೊಳ್ಳಿ. ಇದಕ್ಕೆ ದೊಡ್ಡ ಪರಂಪರೆಯೇ ಇದೆ: ಕ್ಯಾಪ್ಟನ್ ಸ್ಕಾಟ್ 1910ರಲ್ಲಿ ಹೊರಟ ಅಂಟಾರ್ಕ್ಟಿಕ್ ಯಾತ್ರೆಯ ಫೋಟೊಗ್ರಾಫರ್ ಹರ್ಬರ್ಟ್ ಪಾಂಟಿಂಗ್ ಹೀಗೆಯೇ ತುಟಿ ಒದ್ದೆ ಮಾಡಿಕೊಳ್ಳುವಾಗ ನಾಲಿಗೆ ಕ್ಯಾಮೆರಾದ ಲೋಹಕ್ಕೆ ತಾಗಿ, ತಕ್ಷಣ ಹೆಪ್ಪುಗಟ್ಟಿ ಅಂಟಿಕೊಂಡಿತು. ಎಳೆದುಕೊಂಡಾಗ ತುದಿಯ ಚರ್ಮ ಕ್ಯಾಮೆರಾದಲ್ಲೇ ಉಳಿಯಿತು. ಆದರೂ ಆತ ಒಳ್ಳೆಯ ಚಿತ್ರಗಳನ್ನು ತೆಗೆದುಬಿಟ್ಟ. ಆ ಭಾಗವನ್ನು ಅನುಸರಿಸಬೇಡಿ.

ಎಕ್ಸ್‌ಪೋಷರನ್ನು ಕ್ಯಾಮೆರಾಗೇ ಬಿಡಿ. ಅದು ಬೆಳ್ಳನೆಯ ಹಿಮ ಕಂಡು ಬೆಳಕು ಅತಿಯಾಯಿತೆಂದು ಬೆದರಿ, ಇಡೀ ಬಯಲನ್ನು ಬೂದಿ ಬಣ್ಣ ಮಾಡಿಕೊಡುತ್ತದೆ. ಒಂದೆರಡು ಸ್ಟಾಪ್ ಏರಿಸಿದರೆ ಹಿಮ ಹಿಮದಂತೆಯೇ ಕಂಡು ಶ್ರಮವೆಲ್ಲ ವ್ಯರ್ಥ.

ಇನ್ನು ಅಂತರ. ಕರಡಿಯಿಂದ ಕನಿಷ್ಠ 300 ಮೀಟರ್, ಮಾರ್ಚ್‌ನಿಂದ ಜೂನ್‌ವರೆಗೆ 500 ಮೀಟರ್ ದೂರವಿರಬೇಕೆಂದು ಅಲ್ಲಿ 2025ರಿಂದ ಕಾನೂನಿದೆ. ಅದು ಮಿಕ್ಕವರಿಗೆ. ನೀವು ಮುಂದೆ ನಡೆಯಿರಿ. ಬಂದೂಕು ಹಿಡಿದ ಗೈಡ್ ಅಡ್ಡ ಬಂದರೆ, "ಸ್ವಲ್ಪ ಪಕ್ಕಕ್ಕೆ ಸರೀರಿ ಸಾರ್, ಫ್ರೇಮಿಗೆ ಅಡ್ಡ ಆಗ್ತೀರಿ" ಎನ್ನಿ. ಹಿಮಕರಡಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. 300 ಮೀಟರಿಗೆ ಅದಕ್ಕೆ ಅರ್ಧ ನಿಮಿಷವೂ ಬೇಡ. ಕ್ಲೋಸಪ್ಪಿಗೆ ಇದಕ್ಕಿಂತ ಅಗ್ಗದ ಲೆನ್ಸ್ ಇಲ್ಲ.

ಬದುಕಿ ಕೋಣೆ ಸೇರಿದಿರೋ, ಮುಖ್ಯವಾದ ಕೆಲಸ ಈಗ. ಹೊರಗಿರುವಾಗಲೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಒಳಗೆ ತಂದ ಮೇಲೆ ಗಂಟೆಗಟ್ಟಲೆ ಮುಟ್ಟದೆ ಬಿಟ್ಟರೆ ನೀರಹನಿ ಚೀಲದ ಹೊರಗೇ ಕೂರುತ್ತದೆ. ಅಷ್ಟು ತಾಳ್ಮೆ ಯಾರಿಗಿದೆ? ನೇರ ಹೀಟರಿನ ಮುಂದಿಟ್ಟು ಲೆನ್ಸ್ ಬಿಚ್ಚಿ. ಸೆನ್ಸರಿನ ಮೇಲೆ ಹಬೆ ಕಟ್ಟುವುದನ್ನು ಕಣ್ಣಾರೆ ನೋಡಿ. ಆ ತೇವದೊಂದಿಗೇ ಮತ್ತೆ ಹೊರಗೊಯ್ದು ಮಂಜುಗಟ್ಟಿಸಿ.

ಕರಡಿಯ ಹತ್ತಿರ ಹೋದದ್ದಕ್ಕೆ ಸ್ವಾಲ್‌ಬಾರ್ಡ್‌ನ ರಾಜ್ಯಪಾಲರ ಕಚೇರಿ ದಂಡ ಹಾಕಿದರೆ ಕಟ್ಟಿ. ಊರಲ್ಲಿ ಯಾರಾದರೂ ಫೋಟೊ ಎಲ್ಲಿ ಎಂದರೆ ಕ್ಯಾಮೆರಾ ಸರಿಯಿರಲಿಲ್ಲ ಎನ್ನಿ. ಮುಂದಿನ ಸಲಕ್ಕೆ ಇದರ ಎರಡರಷ್ಟು ಬೆಲೆಯದ್ದನ್ನು ಕೊಳ್ಳಿ.