ಮಿಲೆನಿಯಲ್‌ಗಳ ಗಡಿ ವಿವಾದ

ಕಾವೇರಿಗೆ ನ್ಯಾಯಮಂಡಳಿಯಾಯಿತು, ಬೆಳಗಾವಿಗೆ ಮಹಾಜನ್ ವರದಿಯಾಯಿತು. ಆದರೆ 'ನಾನು ಮಿಲೆನಿಯಲ್ಲೋ, ಜೆನ್ ಝಡ್ಡೋ?' ಎಂದು ಕೇಳುವವರಿಗೆ ಯಾವ ಕೋರ್ಟೂ ಇಲ್ಲ. ಇರುವುದು ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ ಎಳೆದ ಒಂದು ಗೆರೆ. 1996ರ ಡಿಸೆಂಬರ್ 31ಕ್ಕೆ ಹುಟ್ಟಿದವರು ಆ ಕಡೆ, ಮರುದಿನ ಹುಟ್ಟಿದವರು ಈ ಕಡೆ. ಅವತ್ತು ರಾತ್ರಿ ಅವಳಿಗಳಲ್ಲಿ ಒಂದು ಹನ್ನೆರಡಕ್ಕೆ ಐದು ನಿಮಿಷ ಮುಂಚೆ, ಇನ್ನೊಂದು ಐದು ನಿಮಿಷ ಆಮೇಲೆ ಹುಟ್ಟಿದ್ದರೆ ಮುಗಿಯಿತು, ಒಂದೇ ತೊಟ್ಟಿಲಲ್ಲಿ ಎರಡು ತಲೆಮಾರು! 'ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಕಣೋ' ಎಂದು ಅಣ್ಣ ತಮ್ಮನಿಗೆ ಬುದ್ಧಿ ಹೇಳಬಹುದು.

ಗೆರೆ ಅಲ್ಲೇ ಯಾಕೆ? 2001ರ ಸೆಪ್ಟೆಂಬರ್ 11ರ ದಾಳಿ ನೆನಪಿರುವವರು ಬೇರೆ, ನೆನಪಿಲ್ಲದವರು ಬೇರೆ ಅನ್ನುವುದೂ ಪ್ಯೂದವರು ಕೊಟ್ಟ ಒಂದು ಕಾರಣ. ನ್ಯೂಯಾರ್ಕಿನ ಮಗುವಿಗೆ ಸರಿ. ಮಂಡ್ಯದ ಮಗುವಿಗೆ? ಅದಕ್ಕೆ ನೆನಪಿರುವುದು 2000ದ ಜುಲೈನಲ್ಲಿ ವೀರಪ್ಪನ್ ಅಣ್ಣಾವ್ರನ್ನು ಕಾಡಿಗೆ ಒಯ್ದದ್ದು, ಅಪ್ಪ ಅನ್ನದ ತಟ್ಟೆ ಬಿಟ್ಟು ಟಿ.ವಿ. ಮುಂದೆ ಕೂತದ್ದು. ಆ ಲೆಕ್ಕ ಹಿಡಿದರೆ ಗೆರೆ ಒಂದು ವರ್ಷ ಹಿಂದಕ್ಕೆ ಸರಿಯಬೇಕು.

ಹಾಗಂತ ಎಲ್ಲ ಗೆರೆಯೂ ಪೊಳ್ಳಲ್ಲ. ಬೂಮರ್‌ಗಳದ್ದು ಗಟ್ಟಿ. ಎರಡನೇ ಮಹಾಯುದ್ಧ ಮುಗಿಸಿ ಸೈನಿಕರು ಮನೆಗೆ ಬಂದರು, 1946ರಿಂದ ಅಮೆರಿಕದ ತೊಟ್ಟಿಲುಗಳು ತುಂಬಿದವು, 1964 ದಾಟಿದ ಮೇಲೆ ಆ ಭರಾಟೆ ಇಳಿಯಿತು. ಹೆರಿಗೆ ಲೆಕ್ಕವೇ ಸಾಕ್ಷಿ. ಆಮೇಲಿನವರಿಗೆ ಅಂಥ ಸಾಕ್ಷಿ ಇಲ್ಲ. ಮಿಲೆನಿಯಲ್ ಎಂದು ಹೆಸರಿಟ್ಟ ಸ್ಟ್ರಾಸ್ ಮತ್ತು ಹೋವ್ 1982ರಿಂದ ಎಣಿಸಿದರು, ಪ್ಯೂ 1981ರಿಂದ. ಝಡ್‌ಗೆ ಬಂದಾಗ ಅಕ್ಷರಗಳೇ ಖಾಲಿ. ಗ್ರೀಕರಿಂದ ಆಲ್ಫಾ ಸಾಲ ತಂದದ್ದಾಯಿತು.

ಈ ಪಟ್ಟಿಯನ್ನು ನಮ್ಮ ಹಿರಿಯರಿಗೆ ಅಂಟಿಸಲು ಹೋದರೆ ಇನ್ನೂ ತಮಾಷೆ. ಅವರಲ್ಲಿ ಎಷ್ಟೋ ಜನರ ಜನ್ಮದಿನ ಜೂನ್ 1! ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರು ಹುಡುಗನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿದರು. ಸಿಕ್ಕಿತು ಅಂದರೆ ವಯಸ್ಸಾಯಿತು ಎಂದರ್ಥ. ತಮಗೆ ತೋಚಿದ ಇಸವಿ ಬರೆದುಕೊಂಡರು. ಅವ್ವನನ್ನು ಕೇಳಿದರೆ 'ಕೆರೆ ಕೋಡಿ ಬಿದ್ದ ವರ್ಷ' ಅಷ್ಟೆ. 'ಓಕೆ ಬೂಮರ್' ಎಂದು ಮೂಗು ಮುರಿಯುವ ಮೊಮ್ಮಗನಿಗೇನು ಗೊತ್ತು, ತಾತ ಬೂಮರ್ ಆದದ್ದು ಹೆಡ್‌ಮಾಸ್ತರ ಕೃಪೆಯಿಂದ!

ಕೊನೆಗೆ 2023ರಲ್ಲಿ ಪ್ಯೂದವರೇ ಈ ಹಣೆಪಟ್ಟಿಗಳ ವಿಷಯದಲ್ಲಿ ಕೈ ಬಿಗಿಹಿಡಿಯುತ್ತೇವೆ ಎಂದರು. ವಯಸ್ಸಿನ ಗುಣವನ್ನೇ ತಲೆಮಾರಿನ ಗುಣ ಅಂದುಕೊಳ್ಳುವ ಅಪಾಯ ಅವರಿಗೂ ಕಂಡಿತ್ತು. ಇಪ್ಪತ್ತರಲ್ಲಿ ಯಾವ ತಲೆಮಾರೂ ಮಾತು ಕೇಳುವುದಿಲ್ಲ, ಅರವತ್ತರಲ್ಲಿ ಯಾವ ತಲೆಮಾರೂ ಉಪದೇಶ ನಿಲ್ಲಿಸುವುದಿಲ್ಲ. ಮನೆಯ ಹುಡುಗನ ಮೇಲೆ 'ಈ ಜೆನ್ ಝಡ್‌ಗಳೇ ಹಿಂಗೆ' ಎಂದು ರೇಗುವ ಮುಂಚೆ, ಇಪ್ಪತ್ತರಲ್ಲಿ ನೀವು ಹೇಗಿದ್ದಿರಿ ಎಂದು ನಿಮ್ಮ ತಾಯಿಯನ್ನು ಒಮ್ಮೆ ಕೇಳಿ ನೋಡಿ.