ಒತ್ತಿಗೆ ಜಾಗ ಬಿಡಿ

ಬಾಡಿಗೆ ಮನೆಯ ಗೋಡೆಗೆ ಒಂದು ಮೊಳೆ ಹೊಡೆಯಬೇಕೆಂದರೂ ಮಾಲೀಕರ ಮುಖ ನೋಡಬೇಕು. ಬ್ಲಾಗು, ಜಾಲತಾಣ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್ ಹಾಗಲ್ಲ. ಗೋಡೆ ಕೆಡವಿ, ಮುಂಬಾಗಿಲನ್ನು ಹಿತ್ತಿಲಿಗೆ ತಿರುಗಿಸಿ, ಕೇಳುವವರಿಲ್ಲ. ಸುತ್ತಿಗೆಯನ್ನೂ ಅದೇ ಕೊಡುತ್ತದೆ. ಜಿಪಿಎಲ್ ಪರವಾನಗಿ ಅಷ್ಟು ಉದಾರಿ. ಈ ಔದಾರ್ಯದಿಂದ ಹಾಳಾದ ಭಾನುವಾರಗಳ ಲೆಕ್ಕವನ್ನು ಯಾರೂ ಇಟ್ಟಂತಿಲ್ಲ.

2003ರಲ್ಲಿ ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್ ವರ್ಡ್‌ಪ್ರೆಸ್ಸನ್ನು ಹೊರತಂದಾಗ ತಾಣದ ವೇಷ ಬದಲಿಸುವ ಥೀಮ್ ಎಂಬ ಆಮಿಷ ಇರಲಿಲ್ಲ. 2005ರ 1.5ನೇ ಆವೃತ್ತಿಯಲ್ಲಿ ಬಂತು. ಜೊತೆಗೆ ಬಂದ ಕುಬ್ರಿಕ್ ಥೀಮಿನ ನೀಲಿ ತಲೆಪಟ್ಟಿಯನ್ನು, 2010ರಲ್ಲಿ ಟ್ವೆಂಟಿ ಟೆನ್ ಬರುವವರೆಗೆ, ಊರೂರಿನ ಬ್ಲಾಗಿಗರೂ ಸಮವಸ್ತ್ರದಂತೆ ತೊಟ್ಟರು. ಆಗ ಎಲ್ಲರೂ ಬರೆಯುತ್ತಿದ್ದರು ಕೂಡ. ಎರಡಕ್ಕೂ ಸಂಬಂಧ ಇದೆಯೆಂದು ನನ್ನ ಗುಮಾನಿ.

ಈಗ ನಾವು ಮರುಳಾಗುವುದು ಥೀಮಿನ ಡೆಮೊ ಪುಟಕ್ಕೆ. ಮಂಜು ಮುಸುಕಿದ ಬೆಟ್ಟ, ಮೇಜಿನ ಮೇಲೆ ಹಬೆಯಾಡುವ ಕಾಫಿ, ಕಡ್ಡಿಯಂಥ ಇಂಗ್ಲಿಷ್ ಅಕ್ಷರ. ಬೆಟ್ಟವೂ ಕಾಫಿಯೂ ನಮ್ಮಲ್ಲೇ ಇವೆಯಲ್ಲ ಎಂದು ಧೈರ್ಯವಾಗಿ ಅದರೊಳಗೆ ಕನ್ನಡ ಸುರಿದರೆ ಶುರುವಾಯಿತು ನೋಡಿ. ‘ಅಜ್ಜಿಯ ಉಪ್ಪಿನಕಾಯಿ’ ಎಂಬ ಶೀರ್ಷಿಕೆ ಎರಡು ಸಾಲಾದದ್ದೇ ತಡ, ಮೇಲಿನ ಜಕಾರದ ಒತ್ತು ಕೆಳಗಿನ ಪಕಾರದ ಗುಡಿಸಿಗೆ ಡಿಕ್ಕಿ. ಥೀಮು ಹೊಲಿದವನು ಜಿ, ವೈಗಳ ಬಾಲಕ್ಕೆ ಸಾಕಾಗುವಷ್ಟು ಜಾಗ ಬಿಟ್ಟಿರುತ್ತಾನೆ. ನೆಲಮಾಳಿಗೆಯಲ್ಲಿ ಸಂಸಾರ ಹೂಡುವ ಅಕ್ಷರಗಳೂ ಇವೆಯೆಂದು ಅವನಿಗೆ ಯಾರು ಹೇಳಬೇಕು? ಮೆನುವಿನಲ್ಲಂತೂ ಪಟ್ಟಿಯ ಎತ್ತರ ಮೀರಿದ್ದನ್ನೆಲ್ಲ ಕತ್ತರಿಸುವ ಕಟ್ಟುನಿಟ್ಟು. ‘ನಮ್ಮ ಬಗ್ಗೆ’ ಎಂದು ಬರೆದದ್ದು ‘ನಮ ಬಗೆ’ ಆಗಿ ನಿಂತಿತ್ತು. ‘ಸಂಪರ್ಕ’ ಮಾತ್ರ ಕೂದಲೂ ಕೊಂಕದೆ ಪಾರಾಯಿತು. ಅರ್ಕಾವತ್ತು ಜಾಣ, ಕೆಳಗಿಳಿಯದೆ ಪಕ್ಕದಲ್ಲೇ ಕುರ್ಚಿ ಹಾಕಿಕೊಳ್ಳುತ್ತದೆ.

ಮದ್ದು ಇಲ್ಲದಿಲ್ಲ. ಸಾಲಿನ ಎತ್ತರವನ್ನು, ಅಂದರೆ ಲೈನ್ ಹೈಟನ್ನು, 1.2ರಿಂದ 1.8ಕ್ಕೆ ಏರಿಸಿದರೆ ಒತ್ತುಗಳು ಕಾಲು ಚಾಚುತ್ತವೆ. ಆದರೆ ಮೂಲ ಥೀಮಿನಲ್ಲೇ ತಿದ್ದಿದರೆ ಮುಂದಿನ ಅಪ್‌ಡೇಟ್ ಎಲ್ಲವನ್ನೂ ಒರೆಸಿಬಿಡುತ್ತದೆ. ಅದಕ್ಕೇ ಚೈಲ್ಡ್ ಥೀಮ್ ಎಂಬ ಮರಿಯನ್ನು ಹುಟ್ಟಿಸಬೇಕು. ಅದರ ಸ್ಟೈಲ್ ಕಡತದ ತಲೆಯಲ್ಲಿ ತಾಯಿ ಥೀಮಿನ ಹೆಸರಿದ್ದರಾಯಿತು. ತಂದೆಯ ಹೆಸರು, ಜಾತಿ, ಆದಾಯ ಯಾವುದನ್ನೂ ಕೇಳುವುದಿಲ್ಲ. ನಮ್ಮ ಅರ್ಜಿ ನಮೂನೆಗಳಿಗಿಂತ ಎಷ್ಟೋ ಮುಂದುವರಿದ ವ್ಯವಸ್ಥೆ. ಕೋಡ್ ಎಂದರೆ ಕಾವ್ಯ ಎಂಬುದು ವರ್ಡ್‌ಪ್ರೆಸ್ಸಿನವರ ಘೋಷವಾಕ್ಯ. ಇರಬಹುದು. ಕವಿ ಒಂದು ಅರ್ಧವಿರಾಮ ಬಿಟ್ಟರೆ ವಿಮರ್ಶಕ ಗೊಣಗುತ್ತಾನೆ, ಥೀಮಿನ ಫಂಕ್ಷನ್ಸ್ ಕಡತದಲ್ಲಿ ಬಿಟ್ಟರೆ ಇಡೀ ತಾಣವೇ ಮಲಗುತ್ತದೆ.

ಅಂತೂ ಬಣ್ಣ, ಅಂಚು, ಅಂತರ ಎಲ್ಲ ಕೂಡಿಬಂದ ರಾತ್ರಿ ಮನೆಯವಳನ್ನು ಕರೆದು, “ನಿನ್ನ ಫೋನಿನಲ್ಲಿ ತೆಗೆದು ನೋಡು, ಒತ್ತುಗಳೆಲ್ಲ ಹೇಗೆ ಕಾಣ್ತಿವೆ” ಅಂದೆ.

“ನಂಗೆ ಮೊದಲಿಂದಲೂ ಚೆನ್ನಾಗೇ ಕಾಣ್ತಿದ್ವಲ್ಲ ರೀ,” ಅಂದಳು. “ನಾನು ಓದೋದು ರೀಡರ್ ಮೋಡ್‌ನಲ್ಲಿ. ಅದರಲ್ಲಿ ನಿಮ್ಮ ಬಣ್ಣಗಿಣ್ಣ ಏನೂ ಬರಲ್ಲ.”